ಮಗನ ಮೊದಲ ಮಾತು ಗೆಳತಿಯ ಪಾಲಿಗೆ

ಶಿರಾ ಬಳಿಯ ಮದಲೂರಿನ ಒಂದು ಮನೆಯ ಹಿತ್ತಲು. ಇನ್ನೂ ಪೂರ್ತಿ ಬೆಳಕಾಗಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿರುವ ವನಜಾಕ್ಷಿ ಚೊಂಬಿನಿಂದ ಬಕೆಟ್ಟಿಗೆ ಸಣ್ಣಗೆ ನೀರು ಸುರಿಯುತ್ತಿದ್ದಾರೆ. ಎದುರಿಗಿರುವ ಮೂರು ವರ್ಷದ ಹುಡುಗಿಯ ಕಣ್ಣು ನೀರಿನ ಧಾರೆಯ ಮೇಲಿದೆ. ಧಾರೆ ಅರ್ಧಕ್ಕೇ ನಿಲ್ಲುತ್ತದೆ. ವನಜಾಕ್ಷಿ ‘ಬೇಕಾ?’ ಎಂದು ಕೇಳುವುದಿಲ್ಲ, ‘ನನ್ನ ನೋಡು’ ಎನ್ನುವುದಿಲ್ಲ. ಚೊಂಬು ಹಿಡಿದು ಸುಮ್ಮನೆ ಕಾಯುತ್ತಾರೆ. ಹುಡುಗಿ ಬಕೆಟ್ ನೋಡುತ್ತಾಳೆ, ಚೊಂಬು ನೋಡುತ್ತಾಳೆ, ಕೊನೆಗೆ ತಲೆಯೆತ್ತಿ ವನಜಾಕ್ಷಿಯ ಮುಖ ನೋಡುತ್ತಾಳೆ. ತಕ್ಷಣ ನೀರು ಸುರಿಯುತ್ತದೆ. ಹುಡುಗಿ ಕೇಕೆ ಹಾಕುತ್ತಾಳೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ ಶಿವರುದ್ರಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. “ಹುಟ್ಟಿದಾಗಿಂದ ಎತ್ತಿ ಆಡ್ಸಿದೋಳು ನಾನು. ನನ್ ಮಕ ಒಂದ್ಸಲ ನೋಡಲ್ಲ. ನೀನು ಬಂದ್ರೆ ಇಂಗೆ ನಗ್ತಾಳಲ್ಲ, ಏನ್ ಮದ್ದು ಹಾಕಿದೀಯಮ್ಮ?”

ವನಜಾಕ್ಷಿ ನಗುತ್ತಾರೆ. ಚೊಂಬನ್ನು ಅಜ್ಜಿಯ ಕೈಗಿಟ್ಟು, ತಾವು ಎದ್ದು ಹಿಂದೆ ಸರಿಯುತ್ತಾರೆ. “ಈಗ ನೀವು ಸುರೀರಿ ಅಜ್ಜಿ. ಮಾತಾಡ್ಬೇಡಿ, ಕಾಯಿರಿ.”

ಹೊರಗೆ ಬಂದು ಸ್ಕೂಟರ್ ಹತ್ತುವಾಗ, ಅವರ ಕೆಲಸ ನೋಡಲು ಜೊತೆಗೆ ಬಂದಿರುವ ನನಗೆ ಹೇಳುತ್ತಾರೆ: “ಅಜ್ಜಿ ತಮಾಷೆ ಮಾಡಿದ್ದಲ್ಲ ಸಾರ್. ಅದು ಹೊಟ್ಟೆಯುರಿ. ನಂಗೆ ಚೆನ್ನಾಗಿ ಗೊತ್ತಾಗುತ್ತೆ. ನಾನು ಉಂಡಿದೀನಿ ಅದನ್ನ.”

ಶಿರಾ ಪೇಟೆಯಲ್ಲಿ ವಾಸವಿರುವ ವನಜಾಕ್ಷಿ, ಆಟಿಸಂ ಇರುವ ಪುಟ್ಟ ಮಕ್ಕಳಿಗೆ ನೋಡುವುದು, ಕೇಳುವುದು, ಬೇಕು–ಬೇಡ ತಿಳಿಸುವುದನ್ನು ಆಟದಲ್ಲೇ ಕಲಿಸುತ್ತಾರೆ. ಊರಿನವರ ಬಾಯಲ್ಲಿ ಅವರು ‘ಥೆರಪಿ ಮೇಡಂ’. ತಾಯಂದಿರು ಗಾರ್ಮೆಂಟ್ಸ್ ಬಸ್ಸು ಹತ್ತುವ ಮುಂಚೆ ಮನೆ ಮುಟ್ಟಬೇಕು, ಹಾಗಾಗಿ ಅವರ ದಿನ ಕತ್ತಲಲ್ಲೇ ಶುರು. ಬೆಳಿಗ್ಗೆ ಮದಲೂರು, ಕಳ್ಳಂಬೆಳ್ಳದ ಕಡೆ ಎರಡು ಮೂರು ಮನೆ, ಆಮೇಲೆ ಸಂಜೆಯವರೆಗೆ ಶಿರಾದ ಒಂದು ಪುಟ್ಟ ಕೇಂದ್ರ. ಶನಿವಾರ ಮಧುಗಿರಿ ತಾಲ್ಲೂಕಿನ ದೊಡ್ಡೇರಿಗೂ ಹೋಗುತ್ತಾರೆ. ಪಾವಗಡದಿಂದ ಬರುವ ಮಕ್ಕಳಿಗಾಗಿ ‘ದಾ’ (ಬಾ), ‘ಇವ್ವು’ (ಕೊಡು), ‘ಚಾಲು’ (ಸಾಕು) ಎಂಬಷ್ಟು ತೆಲುಗು ಕಲಿತಿದ್ದಾರೆ.

ಈ ಕೆಲಸಕ್ಕೆ ಅವರನ್ನು ತಂದವನು ಮಗ ಚೇತನ್ ಕುಮಾರ್. ಎರಡು ವರ್ಷವಾದರೂ ಕರೆದರೆ ತಿರುಗುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಸಿಕ್ಕರೆ ಸಾಕು, ನೆಲದ ಮೇಲೆ ತಿರುಗಿಸುತ್ತಾ ಕೂರುತ್ತಿದ್ದ. ಕಿವಿ ಕೇಳುವುದಿಲ್ಲವೇನೋ ಎಂದು ಓಡಾಡಿದ್ದಾಯಿತು. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಆಟಿಸಂ ಎಂದರು, ಥೆರಪಿಗೆ ವಾರಕ್ಕೆ ಮೂರು ಸಲ ಕರೆತನ್ನಿ ಎಂದರು. ಗಂಡ ನರಸಿಂಹರಾಜು ಕಡಲೆಕಾಯಿ ಎಣ್ಣೆ ಗಾಣದಲ್ಲಿ ಕೆಲಸಕ್ಕಿದ್ದರು, ವನಜಾಕ್ಷಿ ಖಾಸಗಿ ಶಾಲೆಯೊಂದರಲ್ಲಿ ನರ್ಸರಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅಷ್ಟು ದೂರದ ಓಡಾಟ ಸಾಧ್ಯವಿರಲಿಲ್ಲ. “ಅವರು ಕಲ್ತಿರೋದನ್ನ ನಾನೇ ಕಲ್ತರೆ ಆಗಲ್ವಾ ಅನ್ನಿಸ್ತು” ಎನ್ನುತ್ತಾರೆ. ಮಗನನ್ನು ಅತ್ತೆಯ ಹತ್ತಿರ ಬಿಟ್ಟು, ತುಮಕೂರಿನ ಒಂದು ಸಂಸ್ಥೆಯಲ್ಲಿ ಒಂದು ವರ್ಷದ ಡಿಪ್ಲೊಮಾಗೆ ಸೇರಿದರು.

ದಿನವೂ ಅದೇ ಬಸ್ಸಿಗೆ ಶಿರಾದಿಂದ ಹತ್ತುತ್ತಿದ್ದ ಇನ್ನೊಬ್ಬಾಕೆ ಸಾದಿಯಾ, ಟೈಲರ್ ಕರೀಮ್ ಸಾಬರ ಮಗಳು. ಬಿ.ಎ. ಮುಗಿಸಿ, ಕೆಲಸ ಹುಡುಕುತ್ತಾ ಅದೇ ಡಿಪ್ಲೊಮಾಗೆ ಸೇರಿದ್ದ ಹುಡುಗಿ. ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಓದಿದರು, ಒಂದೇ ಡಬ್ಬಿಯಲ್ಲಿ ಉಂಡರು. ಫಲಿತಾಂಶ ಬಂದಾಗ ವನಜಾಕ್ಷಿ ಪ್ರಥಮ ದರ್ಜೆಯಲ್ಲಿ ಪಾಸು. ಸಾದಿಯಾ ಒಂದು ಥಿಯರಿ ಪೇಪರಿನಲ್ಲಿ ನಪಾಸು. ಶಿರಾದ ಕೇಂದ್ರದಲ್ಲಿ ವನಜಾಕ್ಷಿ ಥೆರಪಿಸ್ಟ್ ಆದರು, ಸಾದಿಯಾ ಸಹಾಯಕಿ.

ಹೆತ್ತವರೇ ತಮ್ಮ ಮಗುವಿಗೆ ಥೆರಪಿಸ್ಟ್ ಆಗುವುದಕ್ಕಿಂತ ಬೇರೆಯವರು ನೋಡಿಕೊಂಡರೆ ಒಳ್ಳೆಯದು ಎಂದು ಕೇಂದ್ರದವರು ಚೇತನ್‌ನನ್ನು ಸಾದಿಯಾಗೆ ಒಪ್ಪಿಸಿದರು. ವನಜಾಕ್ಷಿಗೂ ಸರಿಯೆನ್ನಿಸಿತ್ತು. ಸಾದಿಯಾ ಸಂಜೆಗಳಲ್ಲಿ ಅವನನ್ನು ತಂದೆಯ ಅಂಗಡಿಗೂ ಕರೆದೊಯ್ಯುತ್ತಿದ್ದಳು. ಹೊಲಿಗೆ ಮಿಷನ್ನಿನ ಚಕ್ರ ತಿರುಗುವುದೆಂದರೆ ಅವನಿಗೆ ಪ್ರಾಣ.

ಒಂದು ಮಧ್ಯಾಹ್ನ ವನಜಾಕ್ಷಿ ಇನ್ನೊಂದು ಮಗುವಿಗೆ ಸೋಪಿನ ಗುಳ್ಳೆ ಊದುತ್ತಿದ್ದರು. ಪಕ್ಕದ ಕೋಣೆಯಿಂದ ಒಂದು ಹೊಸ ದನಿ ಬಂತು. “ಸಾದಿ.” ಮತ್ತೆ, ಇನ್ನೂ ಗಟ್ಟಿಯಾಗಿ, “ಸಾದಿ.” ಚೇತನ್‌ನ ಮೊದಲ ಮಾತು. ಎಲ್ಲರೂ ಓಡಿದರು, ಚಪ್ಪಾಳೆ ತಟ್ಟಿದರು. ಸಾದಿಯಾ ಅಳುತ್ತಾ ಹುಡುಗನ ತಲೆ ಸವರುತ್ತಿದ್ದಳು.

“ನಾನೂ ನಕ್ಕೆ. ಆಮೇಲೆ ಸ್ಟೋರ್ ರೂಮಿಗೆ ಹೋಗಿ ಬಾಗ್ಲು ಹಾಕ್ಕೊಂಡ್‌ಬುಟ್ಟೆ. ನಾಲ್ಕು ವರ್ಷ ಕಾದಿದ್ದು ನಾನು. ಹೆತ್ತಿದ್ದು ನಾನು. ಓದಿ ಪಾಸಾಗಿದ್ದೂ ನಾನು. ಫೇಲಾದೋಳ ಹೆಸ್ರು ಹೇಳ್ದ ನನ್ ಮಗ. ಹಿಂಗೇ ಅನ್ಕೊಂಡೆ ಸಾರ್, ಸುಳ್ಳು ಯಾಕೆ ಹೇಳ್ಲಿ?”

ಅಂದು ಸಂಜೆಯೇ ಸಾದಿಯಾಗೆ ಹೇಳಿದರು: “ನಾಳೆಯಿಂದ ಇವನನ್ನ ನಾನೇ ನೋಡ್ಕೊತೀನಿ.” ಅಲ್ಲಿಂದಾಚೆಗೆ ಕೇಂದ್ರದಲ್ಲಿ ಸಾದಿಯಾಗೆ ಸಿಕ್ಕಿದ್ದು ಆಟದ ಸಾಮಾನು ತೊಳೆಯುವ, ಹಾಜರಿ ಬರೆಯುವ ಕೆಲಸ. ಹಾಗೆ ಹಂಚಿದ್ದು ವನಜಾಕ್ಷಿಯೇ.

ಮನೆಯಲ್ಲಿ ಬೇರೆಯೇ ಕಥೆ. ಊರಿನವರ ಮಕ್ಕಳ ಮುಂದೆ ಎಷ್ಟು ಹೊತ್ತು ಬೇಕಾದರೂ ಕಾಯಬಲ್ಲ ಹೆಂಗಸು, ಮಗನ ಮುಂದೆ ಬಿಸ್ಕತ್ತು ಹಿಡಿದು “ಅಮ್ಮ ಅನ್ನು, ಅನ್ನು, ಅಮ್ಮ” ಎಂದು ಬೆನ್ನು ಹತ್ತಿದರು. ಹುಡುಗ ತನ್ನ ಕೈ ತಾನೇ ಕಚ್ಚಿಕೊಳ್ಳತೊಡಗಿದ. ‘ಸಾದಿ’ ಎನ್ನುವುದೂ ನಿಂತಿತು. “ಲೇ, ನಿನ್ ಕಂಡ್ರೆ ಮಂಚದ ಕೆಳಿಕ್ಕೆ ಹೋಯ್ತಾನೆ ಕಣೇ, ಬುಟ್‌ಬುಡು ಅವನ್ನ” ಎಂದು ನರಸಿಂಹರಾಜು ಗದರಿದರು. ವನಜಾಕ್ಷಿ ಬಿಡಲಿಲ್ಲ.

ಒಂದು ಭಾನುವಾರ ಅಡುಗೆ ಮುಗಿಸಿ ನೋಡಿದರೆ ಚೇತನ್ ಇಲ್ಲ. ಬಾಗಿಲು ತೆರೆದಿತ್ತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಓಡಿದರು. ಲಾರಿಗಳು ಓಡಾಡುವ ರಸ್ತೆ ದಾಟುವಾಗ ವನಜಾಕ್ಷಿಯ ಫೋನು ಬಡಿದುಕೊಂಡಿತು. ಕರೀಮ್ ಸಾಬರ ದನಿ: “ಗಾಬರಿ ಬೇಡಮ್ಮ. ಬಚ್ಚಾ ನಮ್ ಅಂಗಡೀಲಿ ಅದೆ.”

ಅಂಗಡಿಯ ಮೆಟ್ಟಿಲ ಮೇಲೆ ನಿಂತಾಗ ಕಂಡಿದ್ದಿಷ್ಟು: ಮಗ ಹೊಲಿಗೆ ಮಿಷನ್ನಿನ ಮುಂದೆ ಕಾಲು ಚಾಚಿ ಕೂತಿದ್ದಾನೆ. ಸಾದಿಯಾ ಚಕ್ರ ತಿರುಗಿಸುತ್ತಾಳೆ, ಕೈಯಿಟ್ಟು ನಿಲ್ಲಿಸುತ್ತಾಳೆ, ಸುಮ್ಮನಿರುತ್ತಾಳೆ. ಅವನು ಅವಳ ಮುಖ ನೋಡುತ್ತಾನೆ.

“ಮಗ ಸಿಕ್ದ ಅಂತ ಸಮಾಧಾನ ಆಗ್ಬೇಕಿತ್ತಲ್ವಾ? ಅಷ್ಟು ದೂರ, ಅಂಥಾ ರೋಡು ದಾಟಿ, ಇವಳ ಹತ್ರ ಬಂದ್ನಲ್ಲ ಅನ್ನೋದೇ ಮೊದ್ಲು ಹೊಟ್ಟೇಲಿ ಉರೀತು. ‘ನನ್ ಮಗನ್ನ ಏನ್ ಮಾಡ್ಬೇಕು ಅಂತಿದೀಯ ನೀನು?’ ಅಂತ ಬೀದೀಲೇ ಕಿರುಚಿದೆ.”

ಅಷ್ಟು ದಿನ ಬಾಯಿ ಬಿಡದಿದ್ದ ಸಾದಿಯಾ ಎದ್ದು ನಿಂತಳು. “ನಿಮಗೊಬ್ರಿಗೇನಾ ವನಜಕ್ಕ ಉರಿಯೋದು? ಒಂದೇ ಬಸ್ಸಲ್ಲಿ ಹೋಗಿ ಬಂದ್ವಿ. ಈಗ ನೀವು ಮೇಡಂ, ನಾನು ಸಾಮಾನು ತೊಳೆಯೋಳು. ನೀವು ರಿಪೋರ್ಟಿಗೆ ಸೈನ್ ಹಾಕೋದ್ ನೋಡಿದ್ರೆ ನಂಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಇವನೊಬ್ಬ ನನ್ ಹೆಸ್ರು ಹೇಳ್ದ, ನಾನೂ ಏನೋ ಕಲ್ತಿದೀನಿ ಅನ್ನಿಸ್ತು. ಅದನ್ನೂ ಕಿತ್ಕೊಂಡ್ರಿ.”

ಚೇತನ್ ಎರಡೂ ಕಿವಿ ಮುಚ್ಚಿಕೊಂಡಿದ್ದ. ಕರೀಮ್ ಸಾಬ್ ಕತ್ತರಿ ಕೆಳಗಿಟ್ಟರು. “ಬಚ್ಚಾ ಹೆದರ್ತಾ ಅದೆ. ಜಗಳ ಆಡೋದಾದ್ರೆ ಇಬ್ರೂ ಆಚೆ ಹೋಗಿ, ಇಲ್ಲಾಂದ್ರೆ ಕೂತ್ಕೊಳಿ.”

ಇಬ್ಬರೂ ಕೂತರು. ಸಾದಿಯಾ ಒಂದೆರಡು ಸಲ ಚಕ್ರ ತಿರುಗಿಸಿ ನಿಲ್ಲಿಸಿದಳು. ಆಮೇಲೆ ತನ್ನ ಕೈ ತೆಗೆದು, “ನೀವು ಇಡಿ” ಎಂದಳು. ವನಜಾಕ್ಷಿ ಚಕ್ರ ತಿರುಗಿಸಿ ನಿಲ್ಲಿಸಿದರು. ‘ಅಮ್ಮ ಅನ್ನು’ ಎನ್ನಲು ಬಾಯಿ ತೆರೆದರು. “ಸುಮ್ನಿರಿ ಅಕ್ಕಾ” ಎಂದಳು ಸಾದಿಯಾ, ಮೆಲ್ಲಗೆ. “ಮದಲೂರಲ್ಲಿ ಕಾಯ್ತೀರಲ್ಲ, ಇಲ್ಲೂ ಕಾಯಿರಿ. ಇವನನ್ನ ಪರೀಕ್ಷೆ ಮಾಡ್ಬೇಡಿ.” ಹುಡುಗ ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ ತಾಯಿಯ ಬೆರಳು ಹಿಡಿದು ಚಕ್ರದ ಕಡೆ ತಳ್ಳಿ, ಒಮ್ಮೆ ಮುಖ ನೋಡಿದ.

ಮಾರನೆಯ ದಿನದಿಂದ ಚೇತನ್ ಮತ್ತೆ ಸಾದಿಯಾಳ ಕೋಣೆಗೆ ಹೋದ. ಸಾಮಾನು ತೊಳೆಯುವ ಕೆಲಸವನ್ನು ಇಬ್ಬರೂ ಹಂಚಿಕೊಂಡರು. ಮನೆಯಲ್ಲಿ ವನಜಾಕ್ಷಿ ಬಿಸ್ಕತ್ತಿನ ಪಾಠ ನಿಲ್ಲಿಸಿ, ಮಗನ ಪಕ್ಕ ಕೂತು ತಾವೂ ಮುಚ್ಚಳ ತಿರುಗಿಸತೊಡಗಿದರು. ‘ಸಾದಿ’ ಬೇಗ ಮರಳಿತು. ‘ಅಮ್ಮ’ ಬರಲಿಲ್ಲ. ಹೋದ ಮಾಘದಲ್ಲಿ ಒಂದು ದಿನ ತಟ್ಟೆಗೆ ಇನ್ನೊಂದು ತುತ್ತು ಮುದ್ದೆ ಹಾಕಲು ಹೋದಾಗ, ಚೇತನ್ ಅವರ ಕೈ ತಡೆದು ಸ್ಪಷ್ಟವಾಗಿ ಹೇಳಿದ: “ಬ್ಯಾಡ.”

“ನನಗೆ ಅಂತ ಹೇಳಿದ ಮೊದಲನೇ ಮಾತು ಅದು” ಎನ್ನುವಾಗ ವನಜಾಕ್ಷಿಯ ಮುಖ ಅರಳುತ್ತದೆ. “ಜನ ಅಯ್ಯೋ ಅಂದ್ರು. ಬೇಡ ಅಂತ ಬಾಯಲ್ಲಿ ಹೇಳೋಕೆ ಬಂದ್ರೆ ಕೈ ಕಚ್ಕೊಳೋದು ತಪ್ಪುತ್ತೆ ಸಾರ್. ನಾನು ಓಣಿಯೆಲ್ಲ ಹೇಳ್ಕೊಂಡು ಬಂದೆ. ಸಾದಿಯಾಗೂ ಹೇಳ್ದೆ. ಅವಳ ಮುಖ ಒಂಚೂರು ಸಣ್ಣಗಾಯ್ತು. ಅವಳಿಗೆ ಇದುವರೆಗೂ ಅವನು ಬ್ಯಾಡ ಅಂದಿಲ್ಲ, ನೋಡಿ!”

ಈಗ ಸಂಜೆ ಮಕ್ಕಳು ಹೋದ ಮೇಲೆ ಕೇಂದ್ರದ ಚಾಪೆಯ ಮೇಲೆ ಇಬ್ಬರೂ ಕೂರುತ್ತಾರೆ. ಉಳಿದಿರುವ ಆ ಒಂದು ಪೇಪರನ್ನು ಸಾದಿಯಾ ಮತ್ತೆ ಬರೆಯಲಿದ್ದಾಳೆ. ಪಾಠ ಹೇಳುವವರು ವನಜಾಕ್ಷಿ. ಪಾಸಾದರೆ ಮಧುಗಿರಿ, ಕೊರಟಗೆರೆ ಕಡೆಯ ಮಕ್ಕಳನ್ನು ಅವಳೇ ನೋಡಿಕೊಳ್ಳಬಹುದು. ಅಲ್ಲಿಂದ ಎಳೆಯ ಮಕ್ಕಳನ್ನು ಎತ್ತಿಕೊಂಡು ಶಿರಾಕ್ಕೆ ಬರುವ ತಾಯಂದಿರಿಗೆ ಅಷ್ಟು ಸುಲಭವಾಗುತ್ತದೆ.

ನಿಮಗೇನು ಆಸೆ ಎಂದು ಕೇಳುತ್ತೇನೆ. ವನಜಾಕ್ಷಿ, ಸಾದಿಯಾ ಇರುವ ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ. “ಅವಳು ಪಾಸಾಗ್ಲಿ ಸಾರ್. ಆಗೇ ಆಗ್ತಾಳೆ, ಕಲಿಸ್ತಿರೋಳು ನಾನು.” ನಗು ಅದುಮಿಕೊಂಡು ಸೇರಿಸುತ್ತಾರೆ. “ಆದ್ರೆ ನನಗಿಂತ ಒಂದೆರಡು ಮಾರ್ಕ್ಸು ಕಮ್ಮಿ ಬರ್ಲಿ.”