ಬಂಡೆಯ ಮೇಲಿನ ಬಿಳಿ ಚುಕ್ಕೆಗಳು

ವಿನೆಗರ್ ವಾಸನೆ ಬಂದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ಬಹಳ ಜನಕ್ಕೆ ರಸ್ತೆಬದಿಯ ಗೋಬಿ ಮಂಚೂರಿ ನೆನಪಾದೀತು. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಮನೆಗೆ ಬಣ್ಣ ಹೊಡೆಸಬೇಕೆಂದು ಗೋಡೆಯ ಪಟಗಳನ್ನೆಲ್ಲ ಇಳಿಸಿದ್ದೆವು. ನನ್ನ ಹೆಂಡತಿ ಶಾಂತಾ, ಫೋನಿನಲ್ಲಿ ಯಾರೋ ಹೇಳಿಕೊಟ್ಟಂತೆ, ಬಕೆಟ್ಟಿನ ನೀರಿಗೆ ವಿನೆಗರ್ ಸುರಿದುಕೊಂಡು ಗಾಜು ಒರೆಸಲು ಕೂತಳು. ವಾಸನೆ ಪಡಸಾಲೆ ದಾಟಿ ನನ್ನ ಕುರ್ಚಿಯವರೆಗೆ ಬಂತು. ನಾನು ಓದುತ್ತಿದ್ದ ಪೇಪರ್ ಮಡಿಚಿಟ್ಟೆ.

"ಯಾಕ್ರಿ, ಮಾರಿ ಹಂಗ್ಯಾಕ ಮಾಡೀರಿ?" ಅಂದಳು.

"ದೋಹಾ ನೆನಪಾತು."

"ಮತ್ತ ಅದ ಪಟದ ಸಿಟ್ಟೇನು? ಇಷ್ಟು ವರ್ಷ ಆತು, ಇನ್ನೂ ಇಳಿವಲ್ತಲ್ಲ!"

ಇಳಿದಿಲ್ಲ. ಇಳಿಯಬೇಕೆಂದು ನಾನು ಹೆಚ್ಚು ಪ್ರಯತ್ನವನ್ನೂ ಮಾಡಿಲ್ಲ. ಕೆಲವು ಸಿಟ್ಟುಗಳನ್ನು ಮನುಷ್ಯ ಸರ್ಟಿಫಿಕೇಟಿನ ಹಾಗೆ ಜೋಪಾನವಾಗಿ ಎತ್ತಿಟ್ಟುಕೊಳ್ಳುತ್ತಾನೆ.

ಸರ್ಟಿಫಿಕೇಟಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ: ನಾನು ಬಿ.ಎಸ್ಸಿ. ಫಿಸಿಕ್ಸ್, ಫಸ್ಟ್ ಕ್ಲಾಸ್. ಮದುವೆ ಮನೆಯಲ್ಲಿ ಯಾರಾದರೂ ಪರಿಚಯ ಕೇಳಿದರೆ ಹೆಸರಿಗಿಂತ ಮೊದಲು ಇದನ್ನೇ ಹೇಳುತ್ತೇನೆಂದು ಶಾಂತಾ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವರು ಇಲ್ಲ. ನಮ್ಮಪ್ಪ ಬಾದಾಮಿ ಕಡೆಯ ಗುಡ್ಡಗಳಲ್ಲಿ ಕಂಡವರ ಕುರಿ ಕಾಯ್ದವನು. ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಅವನು ಕುರಿ ಕಾಯ್ದದ್ದೇ ನಾನು ಕಾಯಬಾರದೆಂದು. ಕಾಲೇಜಿನ ದಿನಗಳಲ್ಲಿ ನಾನು ಬಾಗಲಕೋಟೆಯ ಸ್ಟುಡಿಯೋ ಒಂದರಲ್ಲಿ ಫಿಲ್ಮ್ ತೊಳೆದು ಓದಿದೆ. ಕೊನೆಗೆ ಅನ್ನ ಕೊಟ್ಟದ್ದು ಫಿಸಿಕ್ಸ್ ಅಲ್ಲ, ಆ ಕತ್ತಲೆ ಕೋಣೆಯ ಕೆಲಸ.

ತೊಂಬತ್ತರ ದಶಕದಲ್ಲಿ ಅದೇ ಕೆಲಸ ನನ್ನನ್ನು ಕತಾರಿಗೆ ಕರೆದೊಯ್ದಿತು. ಆದರೆ ಫೋಟೋ ಪ್ರಿಂಟರಿಗೆ ಅಂತ ವೀಸಾ ಸಿಗಲಿಲ್ಲ. ಮುಂಬೈಯ ಏಜೆಂಟ್, "ಇದೊಂದೇ ಇದೆ, ತಗೊಂಡರೆ ತಗೋ" ಎಂದು ಒಂದು ಕಾಗದ ಕೊಟ್ಟ. ಅರಬ್ಬಿಯಲ್ಲಿತ್ತು. ದೋಹಾದಲ್ಲಿ ಇಳಿದು ಗುರುತಿನ ಕಾರ್ಡ್ ಕೈಗೆ ಬಂದ ಮೇಲೆಯೇ, ಓದಬಲ್ಲವರೊಬ್ಬರು ಅದರಲ್ಲಿ ಉದ್ಯೋಗದ ಮುಂದೆ ಏನಿದೆ ಎಂದು ಹೇಳಿದ್ದು. ಕುರಿ ಕಾಯುವವ.

ನೀವು ನಗಬಹುದು. ಅಪ್ಪನಿಗೆ ಬರೆದ ಯಾವ ಪತ್ರದಲ್ಲಿಯೂ ನಾನು ಇದನ್ನು ತಿಳಿಸಲಿಲ್ಲ.

ನಾನು ಸೇರಿದ ಸ್ಟುಡಿಯೋ ಮಂಗಳೂರು ಕಡೆಯ ಅಬ್ಬಾಸಾಕನದು. ಒಳ್ಳೆಯ ಮನುಷ್ಯ, ಹಬ್ಬಕ್ಕೆ ತನ್ನ ಮನೆಯಿಂದ ನನಗೆ ಬೇರೆಯಾಗಿ ಮಾಂಸವಿಲ್ಲದ ಸಾರು ಮಾಡಿಸಿ ತಂದವನು. ಆದರೆ ಅವನದೊಂದು ಕಟ್ಟಳೆ ಇತ್ತು. "ನೋಡು ಮಾರಾಯ, ಕೌಂಟರಿಗೆ ನೀನು ಬರುದು ಬೇಡ. ಇನ್ಸ್‌ಪೆಕ್ಟರ್ ಬಂದು ಕಾರ್ಡ್ ನೋಡಿದ್ರೆ ಎಂತ ಹೇಳುದು? ಇವ ಫಿಲ್ಮಿನೊಳಗೆ ಆಡು ಮೇಯಿಸ್ತಾನೆ ಅಂತವಾ? ಗಿರಾಕಿ ಹತ್ರ ಮಾತಾಡುದು ನಾನು, ಒಳಗೆ ನೋಡುದು ನೀನು. ಖಲಾಸ್." ಹಾಗೆ ಮೂರು ವರ್ಷ ನಾನು ಪರದೆಯ ಹಿಂದೆ ಕಳೆದೆ. ಬಣ್ಣದ ಫೋಟೋಗಳಿಗೆ ಯಂತ್ರ ಇತ್ತು. ಕಪ್ಪುಬಿಳುಪಿನ ದೊಡ್ಡ ಪ್ರಿಂಟುಗಳು ಮಾತ್ರ ನನ್ನ ಕೈಯಿಂದಲೇ ಆಗಬೇಕು. ಚಿತ್ರ ಮೂಡಿಸುವ ಡೆವಲಪರಿನಿಂದ ಎತ್ತಿದ ಕಾಗದವನ್ನು ಅದ್ದುವ ಎರಡನೆಯ ಟ್ರೇಯಲ್ಲಿ ಇದೇ ವಿನೆಗರಿನ ಹುಳಿ. ಅಂಗಿ, ತಲೆಗೂದಲು, ಊಟದ ಕೈ, ಎಲ್ಲ ಅದೇ ವಾಸನೆ.

ಕಪ್ಪುಬಿಳುಪಿನ ಗಿರಾಕಿ ಅಂದರೆ ಮುಖ್ಯವಾಗಿ ಒಬ್ಬನೇ, ಮಿಸ್ಟರ್ ಮ್ಯಾಲ್ಕಮ್. ದುಖಾನಿನ ಎಣ್ಣೆ ಬಾವಿಗಳಲ್ಲಿ ಎಂಜಿನಿಯರ್. ಬೇಸಿಗೆಯಲ್ಲಿ ನಾವೆಲ್ಲ ಏಸಿಯ ಕೆಳಗೂ ಬೇಯುತ್ತಿರುವಾಗ ಅವನು ರಜೆ ಹಾಕಿ ತನ್ನ ದೇಶದ ಉತ್ತರಕ್ಕೆ, ಇನ್ನೇನು ಭೂಮಿಯೇ ಮುಗಿಯಿತು ಅನ್ನುವಲ್ಲಿರುವ ಶೆಟ್ಲೆಂಡ್ ದ್ವೀಪಗಳಿಗೆ ಹೋಗಿ, ರೋಲ್‌ಗಟ್ಟಲೆ ಫೋಟೋ ತೆಗೆದು ತರುತ್ತಿದ್ದ. ಅವನ ಮುಖವನ್ನು ನಾನು ಪರದೆಯ ಸಂದಿಯಿಂದ ಎರಡು ಸಲ ನೋಡಿದ್ದೆನೇನೋ. ಅವನ ದ್ವೀಪಗಳನ್ನು ಮಾತ್ರ ಅಂಗೈಯ ಹಾಗೆ ಬಲ್ಲೆ. ಮರವೇ ಇಲ್ಲದ ಗುಡ್ಡ, ಗಾಳಿಗೆ ಒಂದೇ ಕಡೆ ಬಾಗಿದ ಹುಲ್ಲು, ಗಾರೆಯಿಲ್ಲದೆ ಒಟ್ಟಿದ ಕಲ್ಲಿನ ಗೋಡೆ, ಬಂಡೆಯ ಮೇಲೆ ಗೊಬ್ಬರದ ಚೀಲಗಳ ಹಾಗೆ ಬಿದ್ದುಕೊಂಡ ಸೀಲ್ ಪ್ರಾಣಿಗಳು. ಕೆಂಪು ಬಲ್ಬಿನ ಬೆಳಕಿನಲ್ಲಿ ಬಿಳಿ ಕಾಗದದ ಮೇಲೆ ಆ ಸಮುದ್ರ ನಿಧಾನವಾಗಿ ಮೂಡುವಾಗ ನನಗೆ ಚಳಿಯಾಗುತ್ತಿತ್ತು. ದೋಹಾದಲ್ಲಿ ಆಗಸ್ಟಿನಲ್ಲಿ ಚಳಿಯಾದವನು ನಾನೊಬ್ಬನೇ ಇರಬೇಕು.

ಒಂದು ವರ್ಷ ಅವನು ಪ್ರದರ್ಶನ ಮಾಡುತ್ತೇನೆಂದು ಇಪ್ಪತ್ತು ದೊಡ್ಡ ಪ್ರಿಂಟು ಕೇಳಿದ. ಅವುಗಳಲ್ಲಿ ಒಂದು, ಸಮುದ್ರದಿಂದ ನೆಟ್ಟಗೆ ಎದ್ದ ಕಪ್ಪು ಬಂಡೆ. ನಮ್ಮ ಬಾದಾಮಿಯ ಬಂಡೆಯನ್ನು ಯಾರೋ ಮಸಿಯಲ್ಲಿ ಅದ್ದಿ ನೀರಿನಲ್ಲಿ ನಿಲ್ಲಿಸಿದ ಹಾಗೆ. ಪ್ರಿಂಟು ತೆಗೆದು ದೀಪ ಹಾಕಿದೆ. ಬಂಡೆಯ ತುಂಬ ಬಿಳಿ ಚುಕ್ಕೆ! ಸೂಜಿಮೊನೆಯಷ್ಟಷ್ಟು, ನೂರಾರು.

ಕತಾರಿನಲ್ಲಿ ಫೋಟೋ ತೊಳೆದವನಿಗೆ ಬಿಳಿ ಚುಕ್ಕೆ ಅಂದರೆ ಒಂದೇ ಅರ್ಥ: ಧೂಳು. ಫಿಲ್ಮಿನ ಮೇಲೆ ಧೂಳಿನ ಕಣ ಕೂತರೆ ಅದರ ನೆರಳಿಗೆ ಪ್ರಿಂಟಿನಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ಆ ವಾರ ಉತ್ತರದಿಂದ ಶಮಾಲ್ ಗಾಳಿ ಬೀಸುತ್ತಿತ್ತು. ಮ್ಯಾಲ್ಕಮನಿಗೆ ಉತ್ತರ ಅಂದರೆ ದ್ವೀಪ, ನಮಗೆ ಉತ್ತರ ಅಂದರೆ ಬಾಗಿಲ ಸಂದಿಯಿಂದ ಊಟದ ತಟ್ಟೆಯವರೆಗೆ ಬರುವ ಮರಳು. ಫಿಲ್ಮನ್ನು ಊದಿದೆ, ಒರೆಸಿದೆ, ಮತ್ತೆ ಪ್ರಿಂಟು ಹಾಕಿದೆ. ಚುಕ್ಕೆಗಳು ಅಲ್ಲಲ್ಲೇ. ಬಿ.ಎಸ್ಸಿ. ಬುದ್ಧಿ ಓಡಿತು: ಫಿಲ್ಮ್ ಹಸಿಯಿದ್ದಾಗ ಕೂತ ಧೂಳು ಒಣಗಿ ಅಂಟಿಕೊಂಡಿದೆ, ಇನ್ನು ತೊಳೆದರೂ ಹೋಗದು. ಅಬ್ಬಾಸಾಕನಿಗೆ ತೋರಿಸಿ, "ಮ್ಯಾಲ್ಕಮ್ ಸಾಹೇಬರನ್ನ ಒಂದು ಮಾತು ಕೇಳೂಣೇನ್ರಿ?" ಅಂದೆ.

"ಕೇಳುದಾ? ನಮ್ಮ ಅಂಗಡಿಯಲ್ಲಿ ಧೂಳು ಉಂಟು ಅಂತ ನಾವೇ ಡಂಗುರ ಹೊಡೆಯುದಾ? ಎಂತ ಡಿಗ್ರಿಯಾ ನಿನ್ನದು! ಬಣ್ಣ ಹಚ್ಚಿ ಮುಚ್ಚು ಮಾರಾಯ."

ಮುಚ್ಚಿದೆ. ಮೂರು ದಿನ. ನೀರಿನಲ್ಲಿ ಕಲಸಿದ ಕಪ್ಪು ಬಣ್ಣ, ನಾಲ್ಕೇ ಕೂದಲಿನಂಥ ಬ್ರಷ್ಷು. ಬ್ರಷ್ಷಿನ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿಕೊಂಡು ಒಂದೊಂದೇ ಚುಕ್ಕೆಯ ಮೇಲೆ ಇಡಬೇಕು. ಸುತ್ತಲಿನ ಕಲ್ಲಿನ ಛಾಯೆಗೆ ಅದು ಸರಿಯಾಗಿ ಕೂಡಬೇಕು, ಒಂದು ಕೂದಲೆಳೆ ಆಚೀಚೆಯಾದರೆ ಮಸಿ ಬಳಿದಂತೆ ಕಾಣುತ್ತದೆ. ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನ ರೂಮಿನಲ್ಲಿಯೇ ಇದ್ದ ಉಡುಪಿ ಕಡೆಯ ಅಡುಗೆಯವ ಸಂಜೀವಣ್ಣ ನನ್ನ ನಾಲಿಗೆ ನೋಡಿ, "ಎಂತದಾ ಇದು, ಕಾಗೆ ತಿಂದಿಯಾ?" ಎಂದು ನಕ್ಕ. ಮೂರನೆಯ ದಿನ ಬಂಡೆ ನುಣ್ಣಗೆ ಕಪ್ಪಾಗಿ ನಿಂತಿತು. ಅಷ್ಟು ಶುದ್ಧವಾದ ಕೆಲಸವನ್ನು ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಮ್ಯಾಲ್ಕಮ್ ಪ್ರಿಂಟು ತೆಗೆದುಕೊಂಡು ಹೋದ. ಮುಂದಿನ ಗುರುವಾರ ಮತ್ತೆ ಬಂದ. ಪರದೆಯ ಆಚೆ ದೊಡ್ಡ ನಗು ಕೇಳಿಸಿತು. ಅದರ ಹಿಂದೆಯೇ ಅಬ್ಬಾಸಾಕ ಒಳಗೆ ಬಂದ, ಮುಖದಲ್ಲಿ ರಕ್ತವಿಲ್ಲ.

"ಅದು ಧೂಳಲ್ಲವಂತೆ ಮಾರಾಯ. ಹಕ್ಕಿಯಂತೆ!"

"ಯಾವ್ದು?"

"ಎಲ್ಲ! ಬಿಳಿ ಹಕ್ಕಿ. ಬಂಡೆ ಮೇಲೆ ಗೂಡು ಕಟ್ಟಿ ಕೂತದ್ದು. ಅವ ಫೋಟೋ ತೆಗೆದದ್ದೇ ಅದರದ್ದು. ನೀನು ಒಂದೂ ಬಿಡ್ಲಿಲ್ಲ."

ಅದೇ ಸಂಜೆ ಬಣ್ಣ ಮುಟ್ಟಿಸದ ಇನ್ನೊಂದು ಪ್ರಿಂಟು ಹಾಕಿಕೊಟ್ಟೆ. ಸಿಟ್ಟಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿದ ಕೆಲಸ, ಒಂದು ಹಕ್ಕಿಯನ್ನೂ ಕಣ್ಣೆತ್ತಿ ನೋಡಲಿಲ್ಲ. ನನಗೆ ಸಿಟ್ಟು ಬಂದದ್ದು ತಪ್ಪಾಯಿತೆಂದಲ್ಲ. ಒಂದು ಮಾತು ಕೇಳಲು ಬಿಟ್ಟಿದ್ದರೆ ಸಾಕಿತ್ತು, ಆ ಒಂದು ಮಾತಿಗೆ ಅಡ್ಡವಾಗಿ ಒಂದು ಪರದೆ, ಒಂದು ಕಾರ್ಡು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಪ್ರದರ್ಶನ ಇದ್ದದ್ದು ದೋಹಾದ ಒಂದು ಕ್ಲಬ್ಬಿನಲ್ಲಿ. ನಮ್ಮ ಸಂಜೀವಣ್ಣ ಅಲ್ಲಿಯೇ ಅಡುಗೆಗಿದ್ದವನು. ಪ್ರದರ್ಶನ ಶುರುವಾದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದಾಗ ಕೆಲಸಕ್ಕೆ ಹೊರಟವನು ನಿಂತು ಹೇಳಿದ: "ನಿನ್ನ ಪಟ ಭಾರೀ ಫೇಮಸ್ ಆಗಿದೆಯಾ. ಎರಡು ಒಟ್ಟೊಟ್ಟಿಗೆ ಹಾಕಿದ್ದಾರೆ. ಒಂದರಲ್ಲಿ ಹಕ್ಕಿ ಉಂಟು, ಇನ್ನೊಂದರಲ್ಲಿ ಇಲ್ಲ. ಅಡಿಯಲ್ಲಿ ಎಂತದೋ ಇಂಗ್ಲಿಷ್. ಬಂದವರೆಲ್ಲ ಗ್ಲಾಸು ಹಿಡ್ಕೊಂಡು ಅಲ್ಲಿಯೇ ನಿಂತು ನಗುದು."

ಅರ್ಧ ಒಗೆದ ಬಟ್ಟೆ ಅಲ್ಲಿಯೇ ಬಿಟ್ಟೆ. ಇದ್ದ ಒಂದೇ ಇಸ್ತ್ರಿ ಅಂಗಿ ಹಾಕಿಕೊಂಡು ಅವನ ಜೊತೆಗೇ ಹೊರಟೆ. ದಾರಿಯುದ್ದಕ್ಕೂ ನಾಲ್ಕು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಕೊಂಡೆ. ಆ ಪಟ ಗೋಡೆಯಿಂದ ಇಳಿಯಬೇಕು, ಅಷ್ಟೇ ನನಗೆ ಬೇಕಾದದ್ದು.

ಗೇಟಿನಲ್ಲಿ ಹೈದರಾಬಾದಿನ ವಾಚ್‌ಮನ್ ಕಾರ್ಡ್ ಕೇಳಿದ. ಅವನಿಗೆ ಅರಬ್ಬಿ ಓದಲು ಬರುತ್ತಿತ್ತು, ನನ್ನ ಗ್ರಹಚಾರ. "ಬಕ್ರೀವಾಲಾ? ಅರೇ ಭಾಯ್, ಅಂದರ್ ಫೋಟೋ ಹೈ, ಬಕ್ರೀ ನಹೀಂ!" ಒಳಗಿರುವುದು ಫೋಟೋ, ಆಡಲ್ಲ ಎಂದು ತನ್ನ ಜೋಕಿಗೆ ತಾನೇ ನಕ್ಕ. ಸಂಜೀವಣ್ಣ ನನ್ನ ತೋಳು ಎಳೆದ. "ಬಾ ಮಾರಾಯ, ಅಡುಗೆ ಕೋಣೆ ಬಾಗಿಲಿಂದ ಹೋಗುವ. ಯಾರೂ ಕೇಳುದಿಲ್ಲ."

"ಆ ಬಾಗ್ಲಾಗ ನಾ ಬರಂಗಿಲ್ಲ, ಸಂಜೀವಣ್ಣ."

"ನಿನ್ನ ಈ ಹಟ ಉಂಟಲ್ಲ!" ಎಂದು ಬೈಯುತ್ತ ಅವನು ಒಳಗೆ ಹೋದ. ನಾನು ಗೇಟಿನ ಪಕ್ಕ ನಿಂತೆ. ಕಾರುಗಳು ಬಂದವು, ಹೋದವು. ಒಂದು ತಾಸಿನ ಮೇಲೆ ಮ್ಯಾಲ್ಕಮ್ ಬಂದ. ನಾನು ಅಡ್ಡ ಹೋಗಿ ನಿಂತೆ. ಬಾಯಿಪಾಠದ ನಾಲ್ಕು ವಾಕ್ಯಗಳಲ್ಲಿ ಮೂರು ಮರೆತಿದ್ದವು. "ಸಾರ್, ಆ ಹಕ್ಕಿಯಿಲ್ಲದ ಪ್ರಿಂಟು ನನ್ನದು. ಇಳಿಸಿಬಿಡಿ," ಅಂದೆ.

ಅವನು ನಿಜವಾಗಿಯೂ ಸಂತೋಷಪಟ್ಟ. "ಓ, ಅದು ನೀವೇನಾ! ಇಡೀ ಪ್ರದರ್ಶನದಲ್ಲಿ ಜನಕ್ಕೆ ಬಹಳ ಹಿಡಿಸಿದ್ದು ಅದೇ. ನಿಮಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ."

"ನನ್ನ ಹೆಸರು ಏನು, ಸಾರ್?"

ಅವನು ಕೈಯಲ್ಲಿದ್ದ ಕಾರಿನ ಕೀಲಿಯನ್ನು ಜೇಬಿಗಿಳಿಸಿದ.

"ಮೂರು ಬೇಸಿಗೆ ನಿಮ್ಮ ಫೋಟೋ ನಾನೇ ಮಾಡಿದ್ದು. ನಾನು ಫಿಸಿಕ್ಸ್ ಓದಿದವನು. ಅದರಲ್ಲಿ ಏನಿದೆ ಅಂತ ನೀವು ಒಂದು ಸಲವೂ ಹೇಳಲಿಲ್ಲ, ನನಗೆ ಕೇಳಲಿಕ್ಕೂ ಯಾರೂ ಬಿಡಲಿಲ್ಲ. ನಗುವುದಾದರೆ ಅದನ್ನೂ ಅಡಿಯಲ್ಲಿ ಬರೆದು ನಗಿ."

ಸಿಟ್ಟಿನಲ್ಲಿ ನನ್ನ ಇಂಗ್ಲಿಷಿಗೆ ವ್ಯಾಕರಣ ಎಲ್ಲಿಂದ ಬಂತೋ! ಅವನ ಮುಖ ಕೆಂಪಾಯಿತು. ನನ್ನನ್ನು ಗೇಟಿನ ರಿಜಿಸ್ಟರಿನ ಹತ್ತಿರ ಕರೆದೊಯ್ದು, ತನ್ನ ಅತಿಥಿಯೆಂದು ಬರೆದ. ಹೆಸರು ಕೇಳಿದ, ಹೇಳಿದೆ. ಉದ್ಯೋಗ ಕೇಳಿದ. "ಫೋಟೋ ಪ್ರಿಂಟರ್, ಬಿ.ಎಸ್ಸಿ." ಅಂದೆ. ವಾಚ್‌ಮನ್ ಆಕಾಶ ನೋಡುತ್ತಿದ್ದ.

ಒಳಗೆ ಎರಡೂ ಪಟ ಅಕ್ಕಪಕ್ಕ ಇದ್ದವು. ಒಂದರ ಕೆಳಗೆ ದ್ವೀಪದ ಹೆಸರು, ಇನ್ನೊಂದರ ಕೆಳಗೆ "ದೋಹಾದಲ್ಲಿ ತೊಳೆಸಿದ ಮೇಲೆ." ನನ್ನದರ ಕಡೆ ನಾನು ನೋಡಲೇ ಇಲ್ಲ. ಹಕ್ಕಿಗಳಿದ್ದ ಪ್ರಿಂಟಿನ ಮುಂದೆ ಹೋಗಿ, ಅದನ್ನು ಮೊದಲ ಸಲ ನೋಡಿದೆ. ದೂರದಿಂದ ಚುಕ್ಕೆ. ಹತ್ತಿರ ಹೋದರೆ ಒಂದಕ್ಕೆ ಬಾಗಿದ ಕತ್ತು, ಒಂದರ ರೆಕ್ಕೆ ಅರ್ಧ ಬಿಚ್ಚಿದೆ, ಎರಡು ಮುಖಾಮುಖಿ ಜಗಳಕ್ಕೆ ನಿಂತಿವೆ. ಆಗ ಅಪ್ಪ ನೆನಪಾದ. ಎದುರಿನ ಗುಡ್ಡದ ಮೇಲೆ ಬಿಳಿ ಚುಕ್ಕೆ ಕಂಡರೆ ಕಲ್ಲು ಯಾವುದು, ಕುರಿ ಯಾವುದು, ಅದರಲ್ಲಿ ಕುಂಟುವ ಕುರಿ ಯಾವುದು ಎಂದು ಕೂತಲ್ಲಿಂದಲೇ ಹೇಳುತ್ತಿದ್ದವನು. ಈ ಪ್ರಿಂಟನ್ನು ಅವನ ಕೈಯಲ್ಲಿ ಕೊಟ್ಟಿದ್ದರೆ ಬ್ರಷ್ಷು ಹುಡುಕುತ್ತಿರಲಿಲ್ಲ. ಎಣಿಸಲು ಶುರು ಮಾಡುತ್ತಿದ್ದ.

ಮ್ಯಾಲ್ಕಮ್ ನನ್ನ ಪ್ರಿಂಟನ್ನು ಇಳಿಸಿ ಕೈಗೆ ಕೊಟ್ಟು ಕ್ಷಮೆ ಕೇಳಿದ. ಬಸ್ಸಿನಲ್ಲಿ ಕಾಲು ತುಳಿದವರು ಕೇಳುವಷ್ಟು ಕೇಳಿದ. ಅದರಿಂದ ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಪಟ ಇಳಿಯಿತು.

ಅಬ್ಬಾಸಾಕನಿಗೆ ಮರುದಿನ ಹೇಳಿದೆ: ಇನ್ನು ಮೇಲೆ ಗಿರಾಕಿಯನ್ನು ನಾನೇ ಕೇಳುತ್ತೇನೆ, ಆಗದಿದ್ದರೆ ಊರಿಗೆ ಕಳಿಸಿಬಿಡು. ಅವನು ತಲೆ ಕೆರೆದುಕೊಂಡು ಒಂದು ನಡುದಾರಿ ಹುಡುಕಿದ. ಫಿಲ್ಮ್ ಹಾಕಿಕೊಡುವ ಲಕೋಟೆಯ ಮೇಲೆ ಒಂದು ಸಾಲು ಅಚ್ಚು ಹಾಕಿಸಿದ: ಚಿತ್ರದಲ್ಲಿ ಏನಿದೆ? ಜನ ಬರೆದು ಕೊಡುತ್ತಿದ್ದರು. ಮಗಳ ಹುಟ್ಟುಹಬ್ಬ. ಹೊಸ ಕಾರು. ನನ್ನ ಹೆಂಡತಿ, ದಪ್ಪ ಕಾಣದಂತೆ ಮಾಡಿ. ಕಾರ್ಡಿನ ಮೇಲೆ ಮಾತ್ರ, ಊರಿಗೆ ಮರಳುವವರೆಗೂ ಕುರಿ ಕಾಯುವವನೇ ಇದ್ದ. ಮರಳುವಾಗ ಆ ಹಕ್ಕಿಯಿಲ್ಲದ ಪ್ರಿಂಟನ್ನೂ ತಂದು, ಗಾಜು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದೆ.

ಮೊನ್ನೆ ಇದನ್ನೆಲ್ಲ ನೆನೆದು ನಾನು ಕುರ್ಚಿಯಲ್ಲಿ ಕುದಿಯುತ್ತಿರುವಾಗ ಪಡಸಾಲೆಯಿಂದ ಶಾಂತಾ ಕೂಗಿದಳು. "ಅಯ್ಯ, ಇಲ್ಲಿ ಬರ್ರಿ ಸ್ವಲ್ಪ! ಗ್ಲಾಸ್ ಒಡದಿತ್ತು, ಪಟ ಹೊರಗ ತಗದೆ. ಬೂಷ್ಟು ಹಿಡದಿತ್ತಂತ ಒರಸಿದೆ. ಹಾಳಾತೇನ್ರಿ ಇದು?"

ಅವಳ ಮೇಲೆ ರೇಗಲು ಬಾಯಿ ತೆರೆದುಕೊಂಡೇ ಹೋದೆ. ವಿನೆಗರ್ ನೀರಿನ ಬಟ್ಟೆ ಅವಳ ಕೈಯಲ್ಲಿ ಕಪ್ಪಾಗಿತ್ತು. ನೀರಿನಲ್ಲಿ ಕಲಸಿದ ಬಣ್ಣ ನೀರಿಗೇ ಬಿಟ್ಟುಕೊಂಡಿತ್ತು. ಬಂಡೆಯ ಎಡಮೂಲೆಯಲ್ಲಿ ಏಳೆಂಟು ಬಿಳಿ ಚುಕ್ಕೆ. ಚಷ್ಮಾ ಹಾಕಿಕೊಂಡು ಬಗ್ಗಿದೆ. ಒಂದಕ್ಕೆ ಬಾಗಿದ ಕತ್ತು.

"ಬಟ್ಟಿ ಕೊಡು ಇಲ್ಲೆ," ಅಂದೆ. ನೆಲದ ಮೇಲೆ ಕೂತು, ಅಪ್ಪ ಸಂಜೆ ದೊಡ್ಡಿಯ ಬಾಗಿಲಿನಲ್ಲಿ ಎಣಿಸುತ್ತಿದ್ದ ಹಾಗೆ ಎರಡೆರಡಾಗಿ ಎಣಿಸುತ್ತ, ಮೆಲ್ಲಗೆ ಒರೆಸತೊಡಗಿದೆ. ಶಾಂತಾ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಎಷ್ಟಾದ್ವು?"

"ತಡಿ, ಇನ್ನೂ ಬರಾಕತ್ತಾವ."