ಹಿಂದಿನ ಬೆಂಚಿಗೂ ಕೇಳಬೇಕು

ನಮ್ಮ ವಾರ್ಡನ್ ಸಿಸ್ಟರ್ ಹಾಡುವಾಗ ಅವರ ಕತ್ತಿನ ನರ ಉಬ್ಬಿ, ಕೊರಳಲ್ಲಿದ್ದ ಬೆಳ್ಳಿಯ ಶಿಲುಬೆ ಎದೆಯ ಮೇಲೆ ಕುಣಿಯುತ್ತಿತ್ತು. ಸ್ವರಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕೀಬೋರ್ಡ್ ನುಡಿಸುವ ಹುಡುಗಿ ಅವರ ಶ್ರುತಿ ಹುಡುಕುವಷ್ಟರಲ್ಲಿ ಹಾಡೇ ಮುಗಿದಿರುತ್ತಿತ್ತು. ಆದರೆ ವಿಶಾಖಪಟ್ಟಣದ ಆ ಹಾಸ್ಟೆಲ್ಲಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ತೂಕಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಅಪ್ಪ ಬ್ಯಾಂಕಿನವರು. ಅದೇ ಊರಿನ ಗಾಜುವಾಕ ಶಾಖೆಯಿಂದ ವಿಜಯವಾಡಕ್ಕೆ ನಡುವರ್ಷದಲ್ಲಿ ವರ್ಗವಾದಾಗ ನನ್ನನ್ನು ಆ ಹಾಸ್ಟೆಲ್ಲಿನಲ್ಲಿ ಬಿಟ್ಟು ಹೋದರು. ಮೊದಲ ತಿಂಗಳು ಫೋನಿನಲ್ಲಿ ಬರೀ ಅಳು, ಕರೆದುಕೊಂಡು ಹೋಗಿ ಎಂಬ ಒಂದೇ ರಾಗ. ಸಿಸ್ಟರ್ ಸಮಾಧಾನ ಮಾಡುವವರಲ್ಲ. ಹಣೆಯ ಕುಂಕುಮ ಅಳಿಸು ಎಂದೂ ಹೇಳಲಿಲ್ಲ, ಬೈಬಲ್ ಓದು ಎಂದೂ ಹೇಳಲಿಲ್ಲ. ಸರದಿ ಬಂದ ದಿನ ಮುಂದೆ ನಿಂತು ಪ್ರಾರ್ಥಿಸಬೇಕು, ಯಾವ ಭಾಷೆಯಾದರೂ ಸರಿ, ಯಾವ ದೇವರಾದರೂ ಸರಿ, ಹಿಂದಿನ ಬೆಂಚಿಗೂ ಕೇಳಬೇಕು. ಇಷ್ಟೇ ಅವರ ಕಾನೂನು. ಚೆನ್ನಾಗಿ ಹೇಳಿದವರಿಗೆ ಅನಕಾಪಲ್ಲಿಯ ಬೆಲ್ಲದ ದೊಡ್ಡ ಚೂರು.

ಬೆಲ್ಲ ತಿನ್ನುತ್ತಾ, ಕ್ರಿಸ್‌ಮಸ್ ಹಾಡು ಕಲಿಯುತ್ತಾ ನನಗೇ ಗೊತ್ತಿಲ್ಲದೆ ಆ ಜಾಗ ನನ್ನದಾಯಿತು. ಅಷ್ಟರಲ್ಲಿ ಅಪ್ಪ ಯಾರ್ಯಾರದೋ ಕೈಕಾಲು ಹಿಡಿದು ವಿಜಯವಾಡದಲ್ಲಿ ನನಗೆ ಶಾಲೆಯ ಸೀಟು ಗಿಟ್ಟಿಸಿಬಿಟ್ಟಿದ್ದರು. ಭಾನುವಾರ ಕರೆದೊಯ್ಯಲು ಬರುತ್ತೇನೆ ಎಂದರು. ಬರುವುದಿಲ್ಲ ಎನ್ನಲು ಬಾಯೇ ಬರಲಿಲ್ಲ. ಊಟ ಬಿಟ್ಟು ಕೂತವಳನ್ನು ಸಿಸ್ಟರ್ ಗದರಿ ವಿಷಯ ತಿಳಿದುಕೊಂಡರು. ಅಪ್ಪನಿಗೆ ಹೇಳಲಾಗದಿದ್ದರೆ ದೇವರಿಗೆ ಹೇಳು, ಭಾನುವಾರದ ಪ್ರಾರ್ಥನೆ ನಿನ್ನದೇ, ಕನ್ನಡದಲ್ಲೇ ಹೇಳು ಎಂದರು.

ಭಾನುವಾರ ಬಂತು. ಪ್ರಾರ್ಥನೆ ಮುಗಿಯುವವರೆಗೆ ತಂದೆತಾಯಿಯರನ್ನು ನೋಡುವಂತಿರಲಿಲ್ಲ. ಅಪ್ಪ ಇನ್ನೂ ಗೇಟಿನ ಹತ್ತಿರವಿರಬೇಕು ಎಂದುಕೊಂಡು ಕಣ್ಣು ಮುಚ್ಚಿ ಶುರುಮಾಡಿದೆ.

"ದೇವರೇ, ಅಪ್ಪ ಪಾಪ ಎಷ್ಟು ಓಡಾಡಿ ಸೀಟು ಹಿಡಿದಿದಾರೆ. ಅವರಿಗೆ ಬೇಜಾರಾಗದಂಗೆ ನೀನೇ ಹೇಳು. ನಂಗೆ ಇಲ್ಲೇ ಇರಬೇಕು. ವರ್ಗ ಆಗಿ ಆಗಿ ನಂಗೆ ಸಾಕಾಗಿದೆ."

ಒಂದು ಮಾತೂ ಅರ್ಥವಾಗದ ಹುಡುಗಿಯರೆಲ್ಲ ಒಕ್ಕೊರಲಿನಿಂದ ಆಮೆನ್ ಎಂದರು. ಸಿಸ್ಟರದ್ದೇ ಎಲ್ಲರಿಗಿಂತ ಜೋರು. ಕಣ್ಣು ಬಿಟ್ಟರೆ ಹಿಂದಿನ ಬೆಂಚಿನಲ್ಲಿ ಅಪ್ಪ! ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಕೂತು ಕರ್ಚೀಫಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಹೊರಗೆ ಬಂದ ಅಪ್ಪ, "ನಂಗೇ ಹೇಳಬಾರದಿತ್ತೇನೇ?" ಎಂದರು. ಆಮೇಲೆ ಸಿಸ್ಟರಿನ ಕಡೆ ತಿರುಗಿ, ನಿಮಗೆ ಕನ್ನಡ ಬರುತ್ತದೆಯೇ ಎಂದು ಕೇಳಿದರು.

"ನಾಕು ರಾದಂಡಿ. ಮೀಕು ವಚ್ಚು ಕದಾ," ಎಂದರು ಸಿಸ್ಟರ್. ತನಗೆ ಬರುವುದಿಲ್ಲ, ನಿಮಗೆ ಬರುತ್ತದಲ್ಲ ಎಂದು. ಅಪ್ಪನನ್ನು ಮೊದಲೇ ಕರೆತಂದು ಆ ಬೆಂಚಿನಲ್ಲಿ ಕೂರಿಸಿದ್ದು ಅವರೇ! ಅಪ್ಪ ನಕ್ಕರು, ಒಬ್ಬರೇ ವಿಜಯವಾಡದ ರೈಲು ಹತ್ತಿದರು.

ಹತ್ತನೆಯ ತರಗತಿ ಮುಗಿಯುವವರೆಗೆ ನಾನು ಅಲ್ಲೇ ಇದ್ದೆ. ಹೋದ ವರ್ಷ ಸಿಸ್ಟರ್ ತೀರಿಹೋದ ಸುದ್ದಿ ಬಂದಾಗ ಮೊದಲು ಅಪ್ಪನಿಗೇ ಫೋನು ಮಾಡಿದೆ.

"ಅವತ್ತಿಂದ ನೀನು ನನ್ನ ಹತ್ರ ಏನೂ ಮುಚ್ಚಿಟ್ಟಿಲ್ಲ ಕಣೇ," ಎಂದರು. "ಪುಣ್ಯಾತ್ಗಿತ್ತಿ ಆ ಸಿಸ್ಟರ್."

ಹೌದಪ್ಪ ಎಂದೆ. ಆಮೇಲೆ ಇಬ್ಬರೂ ಅತ್ತೆವು.