ಮೂರು ಬಾಗಿಲಿನ ಗೃಹಿಣಿ

ನಲ್ಲಿಗೆ ನೀರು ಬರುವ ಮೊದಲೇ ಏಳುವುದು. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವುದು. ಮಡಿ ಉಟ್ಟ ಮೇಲೆ ಅವರನ್ನು ಮುಟ್ಟುವಂತಿಲ್ಲವಾದ್ದರಿಂದ ಇದು ಮೊದಲ ಕೆಲಸ. ಊರಿನಿಂದ ಹೊಸದಾಗಿ ಬಂದ ಸಣ್ಣ ಹುಡುಗ ಹಾಸಿಗೆ ಒದ್ದೆ ಮಾಡಿಕೊಂಡಿದ್ದರೆ ಉಳಿದವರು ಕಣ್ಣು ಬಿಡುವುದರೊಳಗೆ ಆ ಚಾದರವನ್ನು ಮಾಯ ಮಾಡುವುದು. ತಣ್ಣೀರು ಸುರಿದುಕೊಂಡು, ಗಳದ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಡುವುದು. ಒಲೆ ಸಾರಿಸುವುದು, ಗ್ಯಾಸಿನ ಒಲೆಯಾದರೂ ಸಾರಿಸುವುದು. ಹುಣಸೆಹಣ್ಣು ಹಚ್ಚಿ ದೇವರ ಪಾತ್ರೆ ಬೆಳಗುವುದು. ಹಾಲು ಕಾಯಿಸುವುದು, ಅವಲಕ್ಕಿ ತೋಯಿಸುವುದು, ಎರಡನ್ನೂ ಮಂಗಗಳಿಂದ ಉಳಿಸಿಕೊಳ್ಳುವುದು. ಮಧ್ಯಾಹ್ನದ ಬೇಳೆ ನೆನೆಹಾಕುವುದು. ಇಷ್ಟಾದ ಮೇಲೆ ಪಡಸಾಲೆಗೆ ಬಂದು ಗಂಟೆ ಬಾರಿಸುವುದು.

ಗಂಟೆಯ ಸದ್ದಿಗೆ ಎದ್ದ ಮೂವತ್ತು ಹುಡುಗರು ಮುಖ ತೊಳೆದು, ಸಾಲಾಗಿ ನಿಂತು, ಕೈಮುಗಿದು ದಿನದ ಮೊದಲ ಪಾಠ ಒಪ್ಪಿಸುತ್ತಾರೆ: "ನಮ್ಮ ಕೆಲಸವನ್ನು ನಾವೇ ಮಾಡಿಕೊಳ್ಳುತ್ತೇವೆ. ಯಾರಿಗೂ ಭಾರವಾಗುವುದಿಲ್ಲ."

ಅಷ್ಟರಲ್ಲಿ ಕಾತ್ಯಾಯನಿ ಅಡುಗೆಮನೆಗೆ ವಾಪಸ್ಸಾಗಿರುತ್ತಾಳೆ. ಪಾಠ ಕೇಳಿಸಿಕೊಳ್ಳಲು ಅವಳಿಗೆ ಪುರುಸೊತ್ತಿಲ್ಲ.

ಕಾಶಿಯ ಅಸ್ಸಿ ಘಾಟಿನಿಂದ ಕೂಗಳತೆಯ ದೂರದಲ್ಲಿರುವ ಈ ಗುರುಕುಲಕ್ಕೆ ನೂರೈವತ್ತು ವರ್ಷ. ಯಾತ್ರಿಕರಿಗೆ ಕರ್ಮ ಮಾಡಿಸಲು ಕರ್ನಾಟಕದಿಂದ ಬಂದು ನೆಲೆಸಿದ ಆಚಾರ್ಯರ ಮನೆತನಗಳು ಕೂಡಿ ಕಟ್ಟಿಸಿದ್ದು. ಇವತ್ತಿಗೂ ಹುಡುಗರು ಇಲ್ಲೇ ಉಂಡು, ಇಲ್ಲೇ ಮಲಗಿ, ವೇದ, ವ್ಯಾಕರಣ ಕಲಿಯುತ್ತಾರೆ. ಸಂಜೆ ಒಬ್ಬ ಮೇಷ್ಟ್ರು ಬಂದು ಗಣಿತ, ಇಂಗ್ಲಿಷ್ ಹೇಳಿಕೊಡುತ್ತಾರೆ. ಮುಖ್ಯಸ್ಥರು ಸಂಕರ್ಷಣಾಚಾರ್ಯರು. ಕಾತ್ಯಾಯನಿ ಅವರ ಹೆಂಡತಿ. ಗುರುಕುಲದಲ್ಲಿ ಎಲ್ಲರಿಗೂ ಒಂದೊಂದು ಹುದ್ದೆಯಿದೆ. ಅವಳಿಗಿರುವುದು ಸಂಬಂಧ: ಹುಡುಗರಿಗೆಲ್ಲ ಅವಳು ಕಾಕು, ಅಂದರೆ ಚಿಕ್ಕಮ್ಮ. ಹುದ್ದೆಗಾದರೆ ರಜೆ ಕೊಡಬೇಕಾಗುತ್ತದೆ, ಸಂಬಂಧಕ್ಕೆ ಆ ತೊಂದರೆಯಿಲ್ಲ.

ಮದುವೆಯಾಗಿ ರಾಯಚೂರಿನಿಂದ ಬಂದಾಗ ಅವಳಿಗೆ ಹದಿನೆಂಟು. ಹತ್ತನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ ಜ್ವರ ಬಂದು ತಪ್ಪಿತ್ತು. ಮತ್ತೆ ಕಟ್ಟುವ ಮೊದಲೇ ವರ ಸಿಕ್ಕಿದ್ದ. "ಗುರುಕುಲಕ್ಕs ಹೊಂಟೀ, ಇನ್ನ ಓದಿಗೇನು ಕಡಿಮಿ?" ಎಂದು ಅಪ್ಪ ನಕ್ಕಿದ್ದರು. ಕಡಿಮೆಯೇನೂ ಇರಲಿಲ್ಲ. ಓದುವ ಸದ್ದು ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆಯ ಕಿಟಕಿಯಲ್ಲಿ ಬರುತ್ತಲೇ ಇತ್ತು.

ಈ ಗುರುಕುಲದ ಹೆಮ್ಮೆಯೆಂದರೆ ಮಧುಕರಿ. ಹುಡುಗರು ಗುರುವಾರ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ, "ಭವತಿ ಭಿಕ್ಷಾಂ ದೇಹಿ" ಎಂದು ಕೇಳಿ, ಹಿಡಿ ಅಕ್ಕಿ ತರಬೇಕು. ಕಡಿಮೆಯೆಂದರೆ ಮೂರು ಮನೆ. ಬೇಡಿದರೆ ಅಹಂಕಾರ ಕರಗುತ್ತದೆ; ಊಟ ತಾನಾಗಿ ತಟ್ಟೆಗೆ ಬೀಳುವುದಿಲ್ಲ ಎಂದು ತಿಳಿಯುತ್ತದೆ. ಒಂದು ಕಾಲಕ್ಕೆ ಈ ಗಲ್ಲಿಯ ತುಂಬ ಕನ್ನಡದ ಮನೆಗಳಿದ್ದವು. ಈಗ ಅವೆಲ್ಲ ಗೆಸ್ಟ್‌ಹೌಸುಗಳಾಗಿವೆ. ಉಳಿದ ಒಂದೆರಡು ಮನೆಗಳ ಹೆಂಗಸರು ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಾರೆ, ಬಾಗಿಲಿಗೆ ಬೀಗ.

ಆದರೂ ಮಧುಕರಿ ನಡೆಯುತ್ತಿತ್ತು, ವಿದ್ಯಾಧೀಶ ಆಮ್ಲೆಟ್ ತರುವವರೆಗೆ. ಅವನು ಕಾಶಿಯಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡಕ್ಕಿಂತ ಹಿಂದಿ ಸಲೀಸು. ಮೂರನೆಯ ಮನೆ ಸಿಗದೆ ಅಸ್ಸಿಯ ಒಂದು ಕೆಫೆಯ ಮುಂದೆ ನಿಂತು ಸ್ಪಷ್ಟ ಸಂಸ್ಕೃತದಲ್ಲಿ ಬೇಡಿದ. ಒಳಗಿದ್ದ ಹೆಂಗಸಿಗೆ ಸಂಸ್ಕೃತ ಬರದಿದ್ದರೂ ಹಸಿದ ಮುಖ ಓದಲು ಬರುತ್ತಿತ್ತು. ಬ್ರೆಡ್ಡಿನ ನಡುವೆ ಬಿಸಿ ಆಮ್ಲೆಟ್ ಇಟ್ಟು, ಕಾಗದದಲ್ಲಿ ಸುತ್ತಿ, ಜೋಳಿಗೆಗೆ ಹಾಕಿದಳು. ಅವನು ಶ್ರದ್ಧೆಯಿಂದ ತಂದು ಗುರುಗಳ ಪಾದದ ಬಳಿ ಇಟ್ಟ.

ಆ ವಾರ ಇಡೀ ಗುರುಕುಲ ಪಂಚಗವ್ಯ ಕುಡಿಯಿತು. ಮುಂದಿನ ವಾರ ಆಚಾರ್ಯರು ದಾರಿ ಕಂಡುಕೊಂಡರು. ಅಡುಗೆಯ ಕಟ್ಟಡಕ್ಕೆ ಹಿಂದಿನ ಗಲ್ಲಿಯ ಕಡೆ ಮೂರು ಬಾಗಿಲು: ಅಡುಗೆಮನೆಯದು, ಉಗ್ರಾಣದ್ದು, ಕಟ್ಟಿಗೆಯ ಕೋಣೆಯದು. ಮೂರು ಬಾಗಿಲೆಂದರೆ ಮೂರು ಮನೆ.

ಅಂದಿನಿಂದ ಹುಡುಗರು ಗುರುವಾರ ಶಂಖ ಊದಿ ಮುಂಬಾಗಿಲಿನಿಂದ ಹೊರಡುತ್ತಾರೆ, ಗಲ್ಲಿ ಸುತ್ತಿ ಹಿಂದಕ್ಕೆ ಬರುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ಕಾತ್ಯಾಯನಿ ಅಕ್ಕಿ ಹಾಕುತ್ತಾಳೆ. ಸಾಲು ಮುಂದೆ ಸರಿಯುವುದರೊಳಗೆ ಒಳಗಿನಿಂದಲೇ ಓಡಿ ಉಗ್ರಾಣದ ಬಾಗಿಲಲ್ಲಿ ಪ್ರತ್ಯಕ್ಷಳಾಗುತ್ತಾಳೆ. ಅಲ್ಲಿಂದ ಕಟ್ಟಿಗೆಯ ಕೋಣೆಗೆ. ಆಚಾರ್ಯರ ಕಟ್ಟಪ್ಪಣೆ: ಆ ಹೊತ್ತಿನಲ್ಲಿ ಅವಳನ್ನು ಯಾರೂ ಕಾಕು ಎನ್ನಬಾರದು, ಅವಳು ಪರರ ಮನೆಯ ಗೃಹಿಣಿ.

"ಕಾಕು, ಆಜ್ ಪಲ್ಯ ಯಾವ್ದು?" ವಿದ್ಯಾಧೀಶ ಪಿಸುಗುಟ್ಟುತ್ತಾನೆ.

"ಯಾರೋ ನಿನಗ ಕಾಕು? ನಾ ಮುಂದಿನ ಮನಿಯಾಕಿ."

"ಹಂಗಾದ್ರ ಮುಂದಿನ ಮನಿಯಾಗ ಪಲ್ಯ ಯಾವ್ದು?"

"ಪಡವಲಕಾಯಿ. ನಡಿ, ಹಿಂದಿನಾವ ಕಾಯ್ಲಿಕ್ಕತ್ಯಾನ."

ಹುಡುಗರು ಅಕ್ಕಿ ತಂದು ಗುರುಗಳಿಗೆ ಒಪ್ಪಿಸುತ್ತಾರೆ. ಗುರುಗಳು ಕಣ್ಮುಚ್ಚಿ ಅದನ್ನು ಪ್ರೋಕ್ಷಿಸಿ ಅಡುಗೆಮನೆಗೆ ಕಳಿಸುತ್ತಾರೆ. ಆ ಅಕ್ಕಿ ಬೇಯುವವರೆಗೆ ಹಸಿದ ಹೊಟ್ಟೆಗಳು ಕಾಯುವುದಿಲ್ಲವಾದ್ದರಿಂದ ಕಾತ್ಯಾಯನಿ ಮುಂಚೆಯೇ ಬೇರೆ ಅಕ್ಕಿ ಬೇಯಿಸಿಟ್ಟಿರುತ್ತಾಳೆ. ಭಿಕ್ಷೆಗೆ ಹೋಗಿ ಬಂದ ಅಕ್ಕಿ ಮತ್ತೆ ಡಬ್ಬಿಗೆ. ಮುಂದಿನ ಗುರುವಾರ ಮತ್ತೆ ಅದರ ಯಾತ್ರೆ. ಅಹಂಕಾರ ಕರಗುತ್ತದೋ ಇಲ್ಲವೋ, ಆ ಅಕ್ಕಿ ಮಾತ್ರ ಕೈಯಿಂದ ಕೈಗೆ ಸವೆದು ನುಚ್ಚಾಗಿದೆ.

"ನಮ್ಮ ಕಾಲದಾಗ ಹಿಂಗ ಓಡೂದು ಇರಲಿಲ್ಲವಾ," ಎನ್ನುತ್ತಾರೆ ಅತ್ತೆ ತುಂಗಾಬಾಯಿ. ಸೊಂಟ ಮುರಿದ ಮೇಲೆ ವಾಕರ್ ಹಿಡಿದೇ ನಡೆಯುತ್ತಾರೆ. "ಆಗ ಎಲ್ಲಾ ಮನ್ಯಾಗೂ ಒಬ್ಬೊಬ್ಬಾಕಿ ಓಡ್ತಿದ್ದಳು. ಈಗ ಎಲ್ಲಾರ ಪಾಲಿನ ಓಟ ನಿನಗs ಬಂದದ."

ಒಮ್ಮೆ ಏನೋ ಸಮೀಕ್ಷೆಯೆಂದು ಸರ್ಕಾರದ ಕಡೆಯ ಹುಡುಗಿ ಬಂದಿದ್ದಳು. ಹೆಂಗಸರ "ಪಢಾಯಿ", ಓದು, ಎಷ್ಟೆಂದು ಕೇಳಿದಳು. ಆಚಾರ್ಯರು ನಗುತ್ತ, "ಗುರುಕುಲ್ ಮೇಂ ಹೀ ತೋ ರಹತೀ ಹೈಂ" ಎಂದರು, ಇರುವುದೇ ಗುರುಕುಲದಲ್ಲಲ್ಲವೇ ಎಂಬಂತೆ. ಹುಡುಗಿ ಸ್ವಲ್ಪ ಯೋಚಿಸಿ ಅಲ್ಲೊಂದು ಅಡ್ಡಗೆರೆ ಎಳೆದಳು. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಕಾತ್ಯಾಯನಿ ಆ ಗೆರೆಯನ್ನು ನೋಡಿದಳು. ಸಣ್ಣ ಗೆರೆ. ಅದರ ಮೇಲೆ ಇಪ್ಪತ್ತೈದು ವರ್ಷ ಕೂತಿದ್ದವು.

ಅದೇ ತಿಂಗಳು ಅವಳು ಶೈವ ಮಠದ ನೌಕರ ಕುಮಾರಯ್ಯನ ಮಗಳು ವರ್ಷಿಣಿಯನ್ನು ಹಿಡಿದಳು. ಕಾಲೇಜಿಗೆ ಹೋಗುವ ಆ ಹುಡುಗಿ ತನ್ನ ಮೊಬೈಲಿನಲ್ಲೇ ಕಾತ್ಯಾಯನಿಯ ಹೆಸರನ್ನು ಮುಕ್ತ ಶಾಲೆಯ ಹತ್ತನೆಯ ತರಗತಿಗೆ ಸೇರಿಸಿಬಿಟ್ಟಳು. ಐದು ವಿಷಯ, ಐದು ವರ್ಷದ ಅವಕಾಶ. ಕನ್ನಡ, ಹಿಂದಿ, ಸಮಾಜ ವಿಜ್ಞಾನ, ಚಿತ್ರಕಲೆ ಒಂದೊಂದಾಗಿ ಪಾಸಾದವು. ಉಳಿದದ್ದು ಗೃಹ ವಿಜ್ಞಾನ.

ಮನೆಗೆಲಸ ಬಾರದೆ ಉಳಿದದ್ದಲ್ಲ. ಮೊದಲ ಸಲ ಪರೀಕ್ಷೆಯ ಹಿಂದಿನ ದಿನ ಅತ್ತೆ ಬಿದ್ದು ಸೊಂಟ ಮುರಿಯಿತು. ಎರಡನೆಯ ಸಲ ಪರೀಕ್ಷೆ ಗುರುವಾರವೇ ಬಿತ್ತು, ಮಧುಕರಿ ತಪ್ಪಿಸುವಂತಿರಲಿಲ್ಲ. ಹೀಗೆ ಗೃಹ ವಿಜ್ಞಾನ ಗೃಹದಿಂದಲೇ ಬಾಕಿಯಾಯಿತು. ಪಠ್ಯಪುಸ್ತಕದಲ್ಲಿ ಒಂದು ಪಾಠವಿತ್ತು: ಗೃಹಿಣಿ ಮನೆಯ ಕೆಲಸವನ್ನು ಎಲ್ಲ ಸದಸ್ಯರಿಗೂ ಹಂಚಿ, ದಿನದಲ್ಲಿ ತನಗೂ ವಿಶ್ರಾಂತಿಯ ಸಮಯ ಇಟ್ಟುಕೊಳ್ಳಬೇಕು. ಓದಿ ಅವಳು ಎಷ್ಟು ನಕ್ಕಳೆಂದರೆ ಒಲೆಯ ಮೇಲಿನ ಹಾಲು ಉಕ್ಕಿತು.

ಈ ಚೈತ್ರಕ್ಕೆ ಐದು ವರ್ಷ ಮುಗಿಯುತ್ತಿತ್ತು. ಈ ಸಲ ಬರೆಯದಿದ್ದರೆ ಪಾಸಾದ ನಾಲ್ಕೂ ಲೆಕ್ಕಕ್ಕಿಲ್ಲ, ಮತ್ತೆ ಅ ಆ ಇ ಈ. ಪರೀಕ್ಷೆ ಗಂಗೆಯ ಆಚೆ ದಡದ ರಾಮನಗರದ ಒಂದು ಶಾಲೆಯಲ್ಲಿ, ಬೆಳಿಗ್ಗೆ. ವಾರ ಮಾತ್ರ ಮತ್ತೆ ಗುರುವಾರ.

ಗಂಡನಿಗೆ ಅವಳು ತಿಂಗಳ ಮೊದಲೇ ಹೇಳಿದ್ದಳು. "ಆತು, ನೋಡೋಣಂತ," ಎಂದಿದ್ದರು. ಆಮೇಲೆ ಟ್ರಸ್ಟಿನವರು ಪಂಚಾಂಗ ಬಿಡಿಸಿ ನೂರೈವತ್ತರ ಸಮಾರಂಭಕ್ಕೆ ದಿನ ಆರಿಸಿದರು. ಅದೂ ಆ ಗುರುವಾರವೇ. ಅತಿಥಿಗಳು ಬರುತ್ತಾರೆ, ವಿಡಿಯೋದವರು ಬರುತ್ತಾರೆ, ಎಲ್ಲರೂ ಮಧುಕರಿ ನೋಡುತ್ತಾರೆ.

"ನೋಡ್ರಿ, ಅವತ್ತು ನನ್ನ ಪರೀಕ್ಷಾ ಅದ," ಎಂದಳು ಕಾತ್ಯಾಯನಿ, ಊಟಕ್ಕೆ ಬಡಿಸುತ್ತ.

ಆಚಾರ್ಯರು ಸಾರು ಕಲಸಿಕೊಂಡರು. ಸಿಟ್ಟಿನ ಮನುಷ್ಯರಲ್ಲ. ಅವರು ಯಾವುದನ್ನೂ ಬೇಡ ಎಂದವರಲ್ಲ. ಎಲ್ಲವನ್ನೂ ಆಮೇಲೆ ಎನ್ನುತ್ತಿದ್ದರು. "ಪರೀಕ್ಷಾ ವರ್ಷಾ ಬರ್ತಾವ ಕಾತ್ಯಾಯನಿ. ನೂರೈವತ್ತು ಮತ್ತ ಬರ್ತದೇನು?"

"ಇದು ಕಡೀ ಸಲ್ರಿ. ಆಮ್ಯಾಲೆ ಎಲ್ಲಾ ಹೊಸದಾಗಿ ಬರೀಬೇಕು."

"ಬರೀಯಂತ. ಬುದ್ಧಿ ಅದ ನಿನಗ. ಬ್ಯಾಡ ಅಂದೆನೇನು ನಾನು?"

"ಭಿಕ್ಷಾ ಬ್ಯಾರೆ ಯಾರರ ಹಾಕಬಹುದಲ್ಲಾ."

"ಯಾರು?" ಅವರು ನಿಜವಾಗಿಯೂ ಯೋಚಿಸಿದರು. "ಭವತಿ ಅಂದ ಮ್ಯಾಲೆ ಹೆಂಗಸರs ಆಗಬೇಕು. ನಾ ಅಂತೂ ನಿಲ್ಲೂಹಂಗಿಲ್ಲ." ಮಜ್ಜಿಗೆಗೆ ಕೈ ಚಾಚಿದರು. "ಅವ್ವ ಇದ್ದಾಳ ಅಂದ್ರ ಇದ್ದಾಳ. ಮೂರು ಬಾಗಲಾ ಓಡ್ಲಿಕ್ಕಾಗಂಗಿಲ್ಲ ಆಕೀಗೆ. ವಾಕರ್ ಹಿಡಕೊಂಡು ಮೆಲ್ಲಕ ಹೋದರ..."

ಒಳಗಿನಿಂದ ತುಂಗಾಬಾಯಿಯ ದನಿ ಬಂತು: "ನನಗ ಕಿವಿ ಕೇಳಸ್ತಾವಪಾ ಸಂಕರ್ಷಣಾ."

ಆಚಾರ್ಯರು ಮಜ್ಜಿಗೆ ಕುಡಿದು ಕೈ ತೊಳೆಯಲು ಎದ್ದರು.

ಗುರುವಾರ ಕಾತ್ಯಾಯನಿ ಎಂದಿಗಿಂತ ಬೇಗ ಎದ್ದಳು. ಬೇಗ ಮುಗಿಸಿದರೆ ಏನಾದರೂ ದಾರಿಯಾದೀತು ಎಂಬ ಆಸೆ. ಎಣ್ಣೆ ತಿಕ್ಕಿದಳು, ಮಡಿ ಉಟ್ಟಳು, ಅವಲಕ್ಕಿ ತೋಯಿಸಿದಳು, ಗಂಟೆ ಬಾರಿಸಿದಳು. ಅತಿಥಿಗಳು ಸೇರಿ ಎಷ್ಟು ಜನವೋ ಅಷ್ಟಕ್ಕೂ ಅನ್ನ, ಸಾರು, ಪಲ್ಯ, ಕೋಸಂಬರಿ, ಹಯಗ್ರೀವ ಮಾಡಿದಳು. ಪಾತ್ರೆಗಳನ್ನು ಒಂದೊಂದಾಗಿ ಊಟದ ಪಡಸಾಲೆಗೆ ಸಾಗಿಸಿ, ಬಾಳೆಲೆ ಮುಚ್ಚಿಟ್ಟಳು. ಮುಂದಿನ ಅಂಗಳದಲ್ಲಿ ಮೈಕು ಕಿರುಚತೊಡಗಿತ್ತು. ಟ್ರಸ್ಟಿನ ಪದ್ಮನಾಭರಾಯರು ಸ್ವಾವಲಂಬನೆಯ ಮೇಲೆ ಮಾತು ಶುರು ಮಾಡಿದ್ದರು. ಇಲ್ಲಿ ಕಲಿತ ಹುಡುಗ ಜೀವನದಲ್ಲಿ ಯಾರನ್ನೂ ಅವಲಂಬಿಸುವುದಿಲ್ಲ ಎಂದಾಗ ಚಪ್ಪಾಳೆ ಬಿತ್ತು. ಅದರ ಬೆನ್ನಿಗೇ ಯಾರೋ ಪಡಸಾಲೆಯಿಂದ ಕೂಗಿದರು: "ಕಾಕೂ, ವೇದಿಕಿಗೆ ನೀರು!"

ನೀರು ಕೊಟ್ಟು ಬಂದಳು. ಮಡಿ ಬಿಚ್ಚಿ, ಹೊರಗೆ ಉಡುವ ನೀಲಿ ಸೀರೆ ಉಟ್ಟಳು. ಪರೀಕ್ಷೆಯ ಚೀಟಿ, ಎರಡು ಪೆನ್ನು, ಕನ್ನಡಕ ಹಿಂದಿನ ದಿನವೇ ಚೀಲ ಸೇರಿದ್ದವು. ಉಟ್ಟ ಮೇಲೂ ಅವಳು ನಿರ್ಧರಿಸಿರಲಿಲ್ಲ. ಭಿಕ್ಷೆಯ ಅಕ್ಕಿ ಹಾಕಿದ ಹಿತ್ತಾಳೆಯ ಪಾತ್ರೆ ಹೊಸ್ತಿಲ ಬಳಿ ಸಿದ್ಧವಾಗಿ ಕೂತಿತ್ತು. ಮೂರೂ ಬಾಗಿಲು ತೆರೆದಿದ್ದವು. ವಿಡಿಯೋದವರು ಚೌಕಟ್ಟಿಗೆಲ್ಲ ಚೆಂಡುಹೂ ಕಟ್ಟಿ ಹೋಗಿದ್ದರು.

ಭಿಕ್ಷೆ ಮುಗಿಸಿ ಹೋದರೆ? ಮಾತು ಮುಗಿಯಬೇಕು, ಶಂಖ ಊದಬೇಕು, ಸಾಲು ಬರಬೇಕು, ವಿಡಿಯೋದವರು ಎರಡೆರಡು ಸಲ ಬೇಡಿಸುತ್ತಾರೆ. ಅಷ್ಟರಲ್ಲಿ ಸೇತುವೆಯಾಚೆ ಪ್ರಶ್ನೆಪತ್ರಿಕೆ ಹಂಚಿ ಆಗಿರುತ್ತದೆ.

ಅವಳು ಕಟ್ಟಿಗೆಯ ಕೋಣೆಯ ಬಾಗಿಲು ಮುಚ್ಚಿ ಅಗಳಿ ಹಾಕಿದಳು. ಉಗ್ರಾಣದ ಬಾಗಿಲಿಗೂ ಅಗಳಿ ಹಾಕಿದಳು. ಅಕ್ಕಿಯ ಪಾತ್ರೆ ಎತ್ತಿ ಡಬ್ಬಿಗೆ ಸುರಿದಳು. ಆ ಅಕ್ಕಿಗೂ ಒಂದು ದಿನ ರಜೆ. ಅಡುಗೆಯ ಕಟ್ಟಡಕ್ಕೆ ಪಡಸಾಲೆಯಿಂದ ಬರುವ ಒಳಬಾಗಿಲಿಗೆ ಬೀಗ ಹಾಕಿದಳು. ಅಡುಗೆಮನೆಯ ಬಾಗಿಲಿನಿಂದ ಗಲ್ಲಿಗೆ ಇಳಿದು ಅದಕ್ಕೂ ಬೀಗ ಹಾಕಿದಳು.

ಕೀಲಿಕೈಗಳನ್ನು ಸಾಮಾನ್ಯವಾಗಿ ಕಿಟಕಿಯ ಮೊಳೆಗೆ ನೇತುಹಾಕುವುದು ರೂಢಿ. ಕೈ ಅಲ್ಲಿಯವರೆಗೆ ಹೋಯಿತು. ಮೊಳೆಗೆ ಹಾಕಿದರೆ ಆಚಾರ್ಯರಿಗೆ ಸಿಗುತ್ತದೆ. ಸಿಕ್ಕರೆ ಬಾಗಿಲು ತೆರೆಯುತ್ತಾರೆ. ತೆರೆದ ಬಾಗಿಲಿಗೆ ಒಬ್ಬ ಭವತಿ ಬೇಕು. ವಾಕರ್ ಹಿಡಿದು ಕಟ್ಟಿಗೆಯ ಕೋಣೆಯ ಹೊಸ್ತಿಲು ದಾಟಲು ಹೆಣಗುವ ಅತ್ತೆಯ ಚಿತ್ರ ಅವಳ ಕಣ್ಣಿಗೆ ಕಟ್ಟಿತು, ಚೆಂಡುಹೂವಿನ ಸಮೇತ.

ಮುಂದಿನ ಅಂಗಳದಲ್ಲಿ ಚಪ್ಪಾಳೆ ಬಿತ್ತು. ಮಾತು ಎಣಿಸಿದ್ದಕ್ಕಿಂತ ಬೇಗ ಮುಗಿದಿತ್ತು. ಹಿಂದೆಯೇ ಶಂಖ ಮೊಳಗಿತು. ಹುಡುಗರು ಹೊರಟರು. ಈಗ ಬೀಗ ತೆಗೆದರೂ ಸಮಯವಿತ್ತು. ಗಲ್ಲಿ ಸುತ್ತಿ ಅವರು ಇಲ್ಲಿ ತಲುಪುವುದರೊಳಗೆ ಒಳಗೆ ಹೋಗಿ, ಸೆರಗು ಹೊದ್ದು, ಮೂರು ಮನೆಯ ಗೃಹಿಣಿಯಾಗಿ ನಿಲ್ಲಬಹುದಿತ್ತು.

ಕಾತ್ಯಾಯನಿ ಕೀಲಿಕೈಗಳನ್ನು ಚೀಲಕ್ಕೆ, ಪೆನ್ನುಗಳ ಪಕ್ಕಕ್ಕೆ ಹಾಕಿ ಜಿಪ್ ಎಳೆದಳು. ಹುಡುಗರು ಬರುವ ದಿಕ್ಕಿಗಲ್ಲ, ಇನ್ನೊಂದು ದಿಕ್ಕಿಗೆ ನಡೆದು ರಸ್ತೆ ಸೇರಿದಳು. ಅಲ್ಲಿ ಒಂದು ಶೇರ್ ಆಟೋ ತುಂಬಲು ಒಬ್ಬರಷ್ಟೇ ಬಾಕಿಯಿದ್ದರು.

"ರಾಮನಗರ್?" ಎಂದ ಡ್ರೈವರ್.

"ಹಾಂ," ಎಂದು ಹತ್ತಿ ಕೂತಳು.